ಕೊನೆಯ ಹೆಜ್ಜೆಗಳಿಗೊಂದು ಕಾರ್ಡು

ನನ್ನ ಭಾವ ಕುರ್ಚಿಯಲ್ಲಿ ಪೂರ್ತಿಯಾಗಿ ಕೂತದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಅಂಚಿನಲ್ಲಿ ಕೂರುತ್ತಾರೆ, ಒಂದು ಕಾಲು ಅಲ್ಲಾಡುತ್ತಲೇ ಇರುತ್ತದೆ, ಕೈಗೆ ಸಿಕ್ಕ ಪೆನ್ನೋ ಚಮಚವೋ ಗಿರಗಿರ ತಿರುಗುತ್ತಿರುತ್ತದೆ. ಅಕ್ಕನ ಜೊತೆ ಮೊದಲ ಸಲ ಮನೆಗೆ ಬಂದ ದಿನ ನಮ್ಮಮ್ಮ ಒಳಗೆ ಬಂದು, "ಪಾಪ, ಅವರಿಗೆ ಎಲ್ಲೋ ಹೋಗೋದಿದೆ ಅನ್ಸುತ್ತೆ, ಬೇಗ ಟೀ ಕೊಟ್ಟು ಕಳಿಸ್ರೇ" ಅಂದಿದ್ದಳು. ಅವರಿಗೆ ಎಲ್ಲಿಗೂ ಹೋಗೋದಿರಲಿಲ್ಲ. ಊಟದವರೆಗೂ ಇದ್ದರು, ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತಿದರು.

ಇಂಥ ಮನುಷ್ಯ ಹೊಟ್ಟೆಪಾಡಿಗೆ ಹಿಡಿದ ಕೆಲಸ ಓಟದ ಸ್ಪರ್ಧೆಗಳ ಫೋಟೋ ತೆಗೆಯುವುದು. ಶಾಲೆಗಳು, ಕ್ಲಬ್ಬುಗಳು, ಆಯ್ಕೆಯ ಪಂದ್ಯಗಳು, ಎಲ್ಲ ಕಡೆಯೂ ಗೆರೆ ಮುಟ್ಟುವ ಕ್ಷಣದ ಫೋಟೋ ಇವರದೇ. ನಮ್ಮದು ಎರಡು ಕೋಣೆಯ ಸ್ಟುಡಿಯೋ. ಹಿಂದಿನ ಕೋಣೆಯಲ್ಲಿ ನಾನು, ಒಂದು ಕಂಪ್ಯೂಟರು, ಒಂದು ಪ್ರಿಂಟರು. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಚಿತ್ರ ಇಳಿಸುವುದು, ಕತ್ತರಿಸುವುದು, ಪ್ರಿಂಟು ಹಾಕುವುದು, "ನಮ್ಮ ಮಗು ಯಾಕೆ ಕಣ್ಣು ಮುಚ್ಚಿದೆ" ಅಂತ ಬರುವ ಅಪ್ಪ ಅಮ್ಮಂದಿರ ಹತ್ತಿರ ಬೈಸಿಕೊಳ್ಳುವುದು, ಎಲ್ಲ ನನ್ನ ಪಾಲು.

ಮೈದಾನದಲ್ಲಿ ಭಾವ ಬೇರೆಯೇ ಆಳು. ಗೆರೆಯಿಂದ ತುಸು ಆಚೆ ಎಡಗಡೆ, ಹುಲ್ಲಿನ ಮೇಲೆ ಮಂಡಿಯೂರಿ ಕೂತರೆಂದರೆ ಕಲ್ಲು. ಓಡುವವರು ಕೊನೆಯ ಹೆಜ್ಜೆಗಳಿಗೆ ಬರುವವರೆಗೂ ಬೆರಳು ಗುಂಡಿಯ ಮೇಲೆ ಸುಮ್ಮನೆ ಇರುತ್ತದೆ. ಆಮೇಲೆ ಪಟಪಟ ಅಂತ ಒಂದಿಷ್ಟು, ಅಷ್ಟೇ. ಊರವರ ಮಕ್ಕಳನ್ನೆಲ್ಲ ಹಾಗೇ ಹಿಡಿದಿದ್ದಾರೆ, ಒಂದೂ ತಪ್ಪಿಲ್ಲ.

ತಪ್ಪುತ್ತಿದ್ದದ್ದು ಸ್ವಂತ ಮಗಳ ಫೋಟೋ.

ಅವಳನ್ನು ಮನೆಯಲ್ಲಿ ನಾವೆಲ್ಲ ಕಡ್ಡಿ ಅನ್ನುತ್ತೇವೆ. ಮೈಯೆಲ್ಲ ಕಾಲೇ ಆಗಿರುವ ಹುಡುಗಿ, ಇನ್ನೂರು ಮೀಟರ್ ಓಡುತ್ತಾಳೆ. ಅವಳ ಓಟ ಶುರುವಾಯಿತೆಂದರೆ ಭಾವನ ಎದೆ ಬಾಯಿಗೆ ಬರುತ್ತದೆ. ಪಿಸ್ತೂಲಿನ ಸದ್ದಿಗೇ ಗುಂಡಿ ಒತ್ತಿ ಹಿಡಿದುಬಿಡುತ್ತಾರೆ, ಬಿಡುವುದೇ ಇಲ್ಲ. ಕ್ಯಾಮೆರಾ ಒಂದೇ ಸಮನೆ ತೆಗೆದ ಚಿತ್ರಗಳನ್ನು ಮೊದಲು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು ಆಮೇಲೆ ಕಾರ್ಡಿಗೆ ಇಳಿಸುತ್ತದೆ. ಕಾರ್ಡು ನಿಧಾನದ್ದಾದರೆ ಹೊಟ್ಟೆ ತುಂಬಿ ಕ್ಯಾಮೆರಾ ನಿಂತುಬಿಡುತ್ತದೆ. ಪುಟ್ಟ ಕೆಂಪು ದೀಪ ಮಿಣಮಿಣ ಅನ್ನುತ್ತದೆ, ಅದು ಆರುವವರೆಗೆ ಎಷ್ಟು ಒತ್ತಿದರೂ ಉಪಯೋಗವಿಲ್ಲ. ಹಾಗಾಗಿ ನನ್ನ ಪರದೆಯ ಮೇಲೆ ಕಡ್ಡಿ ಹೊರಡುತ್ತಾಳೆ, ತಿರುವಿನಲ್ಲಿ ಬಾಗುತ್ತಾಳೆ, ನೇರ ದಾರಿಗೆ ಬರುತ್ತಾಳೆ, ಅಲ್ಲಿಗೆ ಮಾಯ. ಮುಂದಿನ ಚಿತ್ರದಲ್ಲಿ ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಿರುತ್ತಾಳೆ, ಪಕ್ಕದಲ್ಲಿ ಯಾರೋ ಗೆದ್ದವಳು ಕುಣಿಯುತ್ತಿರುತ್ತಾಳೆ.

"ಕೊನೇಲಿ ಒತ್ತಿ ಭಾವ. ಬೇರೆಯವರ ಮಕ್ಕಳಿಗೆ ಒತ್ತಲ್ವಾ, ಹಾಗೆ," ಅಂತ ನಾನು ಎಷ್ಟು ಸಲ ಹೇಳಿದ್ದೆನೋ.

"ನನಗೂ ಗೊತ್ತು ಕಣೇ. ಬೆರಳು ಕೇಳಬೇಕಲ್ಲ!"

ಅಲ್ಲಿಯವರೆಗೆ ಅದು ತಮಾಷೆಯ ವಿಷಯವಾಗಿತ್ತು. ಆ ವರ್ಷ ತಮಾಷೆ ಉಳಿಯಲಿಲ್ಲ. ಕಡ್ಡಿ ಪ್ರತಿ ಸಲ ಎರಡನೆಯವಳಾಗುತ್ತಿದ್ದಳು, ಅದೂ ಕೂದಲೆಳೆಯ ಅಂತರದಲ್ಲಿ. ಮುಂದಿನ ಆಯ್ಕೆಯ ಪಂದ್ಯದಲ್ಲಿ ಮೊದಲು ಬಂದ ಒಬ್ಬಳಿಗೆ ಮಾತ್ರ ತರಬೇತಿ ಕೇಂದ್ರದಲ್ಲಿ ಜಾಗ. ಅವಳ ವಯಸ್ಸಿನ ಗುಂಪಿಗೆ ಅದೇ ಕೊನೆಯ ಅವಕಾಶ. ಒಂದು ಸಂಜೆ ಅವಳ ಕೋಚ್ ಮೇಡಂ ಸ್ಟುಡಿಯೋಗೇ ಬಂದರು.

"ಕೊನೇಲಿ ಏನೋ ಮಾಡ್ತಾಳೆ ಸಾರ್. ಅಲ್ಲಿವರೆಗೂ ಇವಳೇ ಮುಂದೆ ಇರ್ತಾಳೆ. ಪಕ್ಕದಿಂದ ನೋಡಿದ್ರೆ ಗೊತ್ತಾಗಲ್ಲ, ಮೊಬೈಲಲ್ಲಿ ತೆಗೆದ್ರೆ ಎಲ್ಲ ಮಸುಕು. ನೀವು ಎದುರಿಗೇ ಕೂತಿರ್ತೀರಲ್ಲ, ಆ ಕೊನೇ ಹೆಜ್ಜೆಗಳ ಫೋಟೋ ಕೊಡಿ. ಏನು ತಪ್ಪು ಅಂತ ನೋಡಿ ತಿದ್ದಬಹುದು."

ಭಾವ ನನ್ನ ಮುಖ ನೋಡಿದರು. ನಾನು ಪ್ರಿಂಟರಿನ ಕಡೆ ತಿರುಗಿಕೊಂಡೆ. ನೂರಾರು ಹುಡುಗಿಯರ ಕೊನೆಯ ಹೆಜ್ಜೆ ನಮ್ಮಲ್ಲಿತ್ತು, ಅವಳದೊಂದನ್ನು ಬಿಟ್ಟು.

ಮರುದಿನ ಅಂಗಡಿ ತೆರೆಯುವ ಮೊದಲೇ ನಾವು ಕ್ಯಾಮೆರಾ ಅಂಗಡಿಯ ಬಾಗಿಲಲ್ಲಿದ್ದೆವು. ಭಾವ ಅಲ್ಲಿಯವರೆಗೂ ಕಾರ್ಡು ಕೊಂಡದ್ದು ಎರಡೇ ವಿಷಯ ನೋಡಿ: ಎಷ್ಟು ಚಿತ್ರ ಹಿಡಿಸುತ್ತದೆ, ಮೇಲೆ ಬರೆದ ದಪ್ಪಕ್ಷರದ ಸಂಖ್ಯೆ ಎಷ್ಟು ದೊಡ್ಡದು. ಅಂಗಡಿಯವನು ಆ ದಪ್ಪಕ್ಷರದ ಮೇಲೆ ಹೆಬ್ಬೆಟ್ಟಿಟ್ಟು ಮುಚ್ಚಿದ.

"ಇದು ಓದೋ ವೇಗ ಸಾರ್. ಕಾರ್ಡಿಂದ ಕಂಪ್ಯೂಟರಿಗೆ ಹಾಕ್ಕೊಳ್ಳೋವಾಗ ಮಾತ್ರ. ಕ್ಯಾಮೆರಾ ಬರೆಯೋವಾಗ ಎಷ್ಟು ವೇಗ ಅನ್ನೋದು ಇಲ್ಲಿ, ಮೂಲೇಲಿ, ಈ ಚಿಕ್ಕ ಅಂಕಿ."

"ಅಂದ್ರೆ ಇಷ್ಟು ವರ್ಷ ನಾನು..."

"ಎಲ್ರೂ ಹಾಗೇ ಸಾರ್," ಅಂದ ಅವನು. ಸಮಾಧಾನ ಹೇಳುವುದನ್ನು ಅವನು ದಿನವೂ ಮಾಡುತ್ತಿದ್ದಿರಬೇಕು.

ಗಾಜಿನ ಮೇಲೆ ಮೂರು ಬಗೆ ಸಾಲಾಗಿ ಬಂದವು. ಒಂದು, ಈಗಿರುವಂಥದ್ದೇ. ಇನ್ನೊಂದು, ಅದೇ ಅಳತೆ, ಬರೆಯುವ ವೇಗ ಹೆಚ್ಚು. ಮೂರನೆಯದು ಚೌಕವಾಗಿ ದಪ್ಪಗಿತ್ತು, ಭಾವನ ಕ್ಯಾಮೆರಾದಲ್ಲಿ ಕಾರ್ಡು ಹಾಕುವ ಎರಡು ಗೂಡುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹೊಂದುವಂಥದ್ದು. ಒತ್ತಿ ಹಿಡಿದರೆ ಓಟ ಮುಗಿದರೂ ನಿಲ್ಲುವುದಿಲ್ಲ ಎಂದ ಅಂಗಡಿಯವನು. ಭಾವ ಅದನ್ನು ಎತ್ತಿದರು, ಇಟ್ಟರು. ಎರಡನೆಯದನ್ನು ಎತ್ತಿದರು. ಬಿಸಿಯಾಗುತ್ತಾ, ನಕಲಿ ಬರುತ್ತಾ, ಕೆಟ್ಟರೆ ಬದಲು ಕೊಡ್ತೀರಾ, ಕ್ಯಾಮೆರಾಗೆ ಏನಾದ್ರೂ ಆಗುತ್ತಾ ಎಂದು ಅವನ ಪ್ರಾಣ ಹಿಂಡಿದರು. ಹೊರಗೆ ಹೋಗಿ ಬೀದಿ ನೋಡಿ ಬಂದರು. ಕೊನೆಗೆ "ಯೋಚ್ನೆ ಮಾಡಿ ಬರ್ತೀನಿ" ಎಂದು ಹೊರಟೇಬಿಟ್ಟರು. ಸ್ಕೂಟರು ಸಿಗ್ನಲ್‌ವರೆಗೂ ಹೋಗಿತ್ತು, ಗಕ್ಕನೆ ತಿರುಗಿಸಿ ಮತ್ತೆ ಅಂಗಡಿಗೆ ಬಂದು ದಪ್ಪದ್ದನ್ನೇ ಕೊಂಡರು. ನನಗಂತೂ ತಲೆ ಚಿಟ್ಟು ಹಿಡಿದಿತ್ತು.

ಮನೆಯಲ್ಲಿ ಪರೀಕ್ಷೆ ನಡೆಯಿತು. ಅಕ್ಕ ನಲ್ಲಿಯ ಕೆಳಗೆ ಪಾತ್ರೆ ತೊಳೆಯುತ್ತಿದ್ದಳು, ಭಾವ ಆ ನೀರಿಗೆ ಗುರಿಯಿಟ್ಟು ಗುಂಡಿ ಒತ್ತಿ ಹಿಡಿದರು. ಒಂದು ಲೋಟ ತೊಳೆಯುವಷ್ಟರಲ್ಲಿ ಕೆಂಪು ದೀಪ! ಮತ್ತೆ ಒತ್ತಿದರು, ಮತ್ತೆ ಅದೇ.

"ಮೋಸ ಹೋದ್ರಿ," ಎಂದಳು ಅಕ್ಕ, ತಿರುಗಿಯೂ ನೋಡದೆ.

ಭಾವನ ಮುಖ ಹಿಡಿಯಷ್ಟಾಯಿತು. ಅಂಗಡಿಗೆ ಓಡಲು ಚಪ್ಪಲಿಯನ್ನೂ ಮೆಟ್ಟಿದ್ದರು. ನಾನು ಕ್ಯಾಮೆರಾ ಇಸಿದುಕೊಂಡು ಪಕ್ಕದ ಮುಚ್ಚಳ ತೆಗೆದೆ. ಮೊದಲನೇ ಗೂಡಿನಲ್ಲಿ ಹೊಸ ಕಾರ್ಡು, ಎರಡನೆಯದರಲ್ಲಿ ಅವರ ಹಳೆಯ ಕಾರ್ಡು, ಮೂಲೆಯೆಲ್ಲ ಸವೆದದ್ದು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಭಾವ ಪ್ರತಿ ಚಿತ್ರವನ್ನೂ ಎರಡು ಕಡೆ ಬರೆಯಲು ಹೇಳಿಟ್ಟಿದ್ದರು. ಹೊಸದು ಎಷ್ಟು ಬೇಗ ಬರೆದರೇನು, ಹಳೆಯದು ಬರೆದು ಮುಗಿಸುವವರೆಗೂ ಕಾಯಲೇಬೇಕು.

"ಇದನ್ನ ತೆಗೀರಿ ಭಾವ."

"ಅದು ಮಾತ್ರ ಬೇಡ. ಒಂದೇ ಕಾರ್ಡಲ್ಲಿ ಹೇಗೆ ಓಡಿಸೋದು? ಏನಾದ್ರೂ ಆದ್ರೆ?"

"ಏನಾಗುತ್ತೆ? ಈಗಂತೂ ಏನೂ ಸಿಗ್ತಾ ಇಲ್ಲ. ಏನೂ ಇಲ್ಲದ್ದನ್ನ ಎರಡು ಕಡೆ ಬರ್ಕೊಂಡು ಏನ್ ಮಾಡ್ತೀರಿ?"

ನನ್ನ ಬಾಯಿ ಹಾಗೇ, ಅಕ್ಕ ಕಣ್ಣು ಬಿಟ್ಟಳು. ಭಾವ ಮಾತ್ರ ಹಳೆಯ ಕಾರ್ಡನ್ನು ನಿಧಾನವಾಗಿ ಹೊರಗೆ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಈ ಸಲ ಅಕ್ಕನ ಪಾತ್ರೆಯೆಲ್ಲ ಮುಗಿದರೂ ಕ್ಯಾಮೆರಾ ನಿಲ್ಲಲಿಲ್ಲ.

ಆಯ್ಕೆಯ ದಿನ ಬೆಳಗ್ಗೆ ಮೊದಲ ಸುತ್ತು, ಮಧ್ಯಾಹ್ನ ಕೊನೆಯ ಓಟ. ಮೊದಲ ಸುತ್ತಿನಲ್ಲಿ ಕಡ್ಡಿ ಎಂದಿನಂತೆ ಎರಡನೆಯವಳು, ಮುಂದಿನ ಸುತ್ತಿಗೆ ಅಷ್ಟು ಸಾಕಿತ್ತು. ಭಾವ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು ಓಡಿ ಬಂದರು. ಮೆಟ್ಟಿಲ ಕೆಳಗಿನ ನೆರಳಲ್ಲಿ ನಾನು ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದೆ. ಕೋಚ್ ಮೇಡಂ ಕೂಡ ಬಂದು ಬಗ್ಗಿ ನಿಂತರು.

ಹೊರಟಳು, ತಿರುವು, ನೇರ ದಾರಿ. ಪ್ರತಿ ಸಲ ಚಿತ್ರ ನಿಲ್ಲುತ್ತಿದ್ದ ಜಾಗ ದಾಟಿತು. ಮುಂದಿನ ಚಿತ್ರ, ಅದರ ಮುಂದಿನದು. ಎಲ್ಲ ಸ್ಪಷ್ಟ, ಹಣೆಯ ಬೆವರೂ ಕಾಣುತ್ತಿತ್ತು. ಉಳಿದ ಹುಡುಗಿಯರೆಲ್ಲ ಎದುರು ನೋಡುತ್ತ ಎದೆ ಮುಂದೊಡ್ಡಿದ್ದಾರೆ. ಕಡ್ಡಿಯ ಗಲ್ಲ ಮೆಲ್ಲಗೆ ಎಡಕ್ಕೆ ತಿರುಗುತ್ತಿದೆ, ಹಿಂದೆಯೇ ಭುಜವೂ ತಿರುಗುತ್ತಿದೆ, ಹೆಜ್ಜೆ ಕಿರಿದಾಗುತ್ತಿದೆ. ಗೆರೆ ಇನ್ನೂ ಮುಂದಿದೆ. ಅವಳ ಕಣ್ಣು ನೇರವಾಗಿ ನಮ್ಮನ್ನೇ ನೋಡುತ್ತಿದೆ. ತುಟಿಯ ಮೇಲೆ ನಗು ಬೇರೆ!

ಆ ಕ್ಷಣ ಅವಳು ನೋಡುತ್ತಿದ್ದದ್ದು ನಮ್ಮನ್ನಲ್ಲ ಎಂಬುದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು.

"ಅಪ್ಪ ಕಂಡ ಕೂಡಲೇ, ಗೆರೆಗೆ ಮುಂಚೆನೇ ತಲುಪಿಬಿಟ್ಟೆ ಅಂದ್ಕೊಳ್ತಾಳೆ," ಎಂದರು ಕೋಚ್ ಮೇಡಂ. ಮತ್ತೆ ಭಾವನ ಕಡೆ ನೋಡಿದರು.

ಭಾವ ಮೆಟ್ಟಿಲ ಮೇಲೆ ಕುಸಿದು ಕೂತರು. "ನಾನು... ಇಷ್ಟು ವರ್ಷ ಅಲ್ಲೇ ಕೂತಿದ್ದೀನಿ," ಅಂದರು. ಕ್ಯಾಮೆರಾ ಕೈಯಲ್ಲಿಲ್ಲದೆಯೂ, ಜನ್ಮದಲ್ಲಿ ಮೊದಲ ಸಲ ಅವರ ಕಾಲು ಅಲ್ಲಾಡುತ್ತಿರಲಿಲ್ಲ.

"ಅವಳಿಗೆ ಹೇಳ್ಬಿಡೋಣ, ನೋಡ್ಬೇಡ ಅಂತ," ಅಂದೆ ನಾನು.

"ಈಗ ಹೇಳಿದ್ರೆ ಓಡೋದು ಬಿಟ್ಟು ಅದನ್ನೇ ಯೋಚ್ನೆ ಮಾಡ್ತಾಳೆ," ಎಂದರು ಮೇಡಂ. "ಆ ಜಾಗದಲ್ಲಿ ಯಾರೂ ಇರ್ಬಾರ್ದು. ಅಷ್ಟೇ."

"ಮಿಕ್ಕ ಹುಡುಗಿಯರ ಫೋಟೋ? ಅವರ ಅಪ್ಪ ಅಮ್ಮ ನಮ್ಮನ್ನ ಸುಮ್ನೆ ಬಿಡ್ತಾರಾ?"

"ಬೈಸ್ಕೊಳ್ತೀನಿ ಬಿಡು," ಎಂದರು ಭಾವ. ಒಂದು ಕಾರ್ಡು ಆರಿಸಲು ಸಿಗ್ನಲ್‌ವರೆಗೂ ಹೋಗಿ ತಿರುಗಿ ಬಂದ ಮನುಷ್ಯ, ಇದನ್ನು ಹೇಳಲು ಉಸಿರೆಳೆದುಕೊಳ್ಳಲೂ ಇಲ್ಲ.

ಮಧ್ಯಾಹ್ನ ಅವರು ಗೆರೆಯಾಚೆ, ಮೈದಾನದ ಸಾಮಾನು ಇಡುವ ಕೋಣೆಯ ಗೋಡೆಯ ಹಿಂದೆ ನಿಂತರು. ಕ್ಯಾಮೆರಾ ಚೀಲದಲ್ಲಿತ್ತು. ನಾನು ಗೋಡೆಯ ಮೂಲೆಯಲ್ಲಿ ಇಣುಕುತ್ತಿದ್ದೆ. ಪಿಸ್ತೂಲು ಸಿಡಿಯಿತು. ಭಾವನ ಬೆರಳು ಗಾಳಿಯಲ್ಲೇ ಒತ್ತಿಕೊಂಡದ್ದನ್ನು ನಾನು ನೋಡಿದೆ.

"ಎಲ್ಲಿದ್ದಾಳೆ?"

"ತಿರುವಲ್ಲಿ."

"ಎಷ್ಟನೆಯವಳು?"

"ಇರಿ ಭಾವ, ಕಾಣ್ಸಲ್ಲ!"

"ಈಗ? ಹೇಳೇ! ಈಗ ಎಲ್ಲಿ?"

ನೇರ ದಾರಿಯಲ್ಲಿ ಅವಳೂ ಇನ್ನೊಬ್ಬಳೂ ಸರಿಸಮ. ಕೊನೆಗೆ ಬಂದಳು, ಗಲ್ಲ ಎಡಕ್ಕೆ ತಿರುಗಿತು. ಅಯ್ಯೋ ಎಂದು ಕಣ್ಣು ಮುಚ್ಚಬೇಕೆನ್ನುವಷ್ಟರಲ್ಲಿ ಗಲ್ಲ ಮತ್ತೆ ಮುಂದಕ್ಕೆ ಬಂತು. ಅಪ್ಪನಿಲ್ಲದ ಬರಿ ಹುಲ್ಲಿನ ಮೇಲೆ ಅವಳ ಕಣ್ಣು ನಿಲ್ಲಲಿಲ್ಲ. ಕತ್ತು ಚಾಚಿ, ಎಲ್ಲೋ ದೂರ ಹುಡುಕುತ್ತ, ಗೆರೆಯನ್ನು ಗೆರೆ ಎಂದೇ ಲೆಕ್ಕಿಸದೆ ದಾಟಿಹೋದಳು. ಉಳಿದವರೆಲ್ಲ ನಿಂತರು. ಇವಳು ನಿಲ್ಲಲಿಲ್ಲ. ಅದೇ ವೇಗದಲ್ಲಿ ಬಾವುಟಗಳನ್ನು ದಾಟಿ, ನೀರಿನ ಮೇಜು ದಾಟಿ, ಓಡುತ್ತಲೇ ಇದ್ದಳು.

"ಗೆದ್ಲು ಭಾವ!" ಎಂದು ನಾನು ಕಿರುಚಿದೆ.

ಭಾವ ಗೋಡೆಯ ಹಿಂದಿನಿಂದ ಹೊರಬಂದರು. ಅವಳು ನೋಡಿದಳು, ತಿರುಗಿ ಬಂದು ಅವರ ಅಂಗಿ ಹಿಡಿದು ನಿಂತಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ಸಿಟ್ಟಿತ್ತು.

"ಎಲ್ಲಿ ಹೋಗಿದ್ದೆ ಅಪ್ಪ? ಗೆರೆ ಹತ್ರ ನೀನಿರ್ಲೇ ಇಲ್ಲ! ಇನ್ನೂ ಮುಂದೆ ಎಲ್ಲೋ ಕೂತಿದ್ದೀಯ ಅಂದ್ಕೊಂಡು ಓಡ್ತಾನೇ ಇದ್ದೆ."

"ಗೆದ್ದೆಯಲ್ಲೇ ಮಗಳೇ," ಎಂದರು ಭಾವ. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಹೌದಾ?" ಎಂದು ಅವಳು ಹಿಂದೆ ತಿರುಗಿ ನೋಡಿದಳು. ಫಲಿತಾಂಶದ ಹಲಗೆಯ ಮೇಲೆ ಅವಳ ಸಂಖ್ಯೆ ಎಲ್ಲಕ್ಕಿಂತ ಮೇಲಿತ್ತು. ಮತ್ತೆ ಅಪ್ಪನ ಕಡೆಗೇ ತಿರುಗಿದಳು. "ಸರಿ. ಮುಂದಿನ ಸಲ ಎಲ್ಲಿರ್ತೀಯ, ಈಗಲೇ ಹೇಳು."

ಭಾವ ಮೈದಾನದ ಆ ತುದಿಯ ಕಡೆ, ಹೊರಗೆ ಹೋಗುವ ಗೇಟಿನ ಕಡೆ ಕೈ ತೋರಿಸಿದರು.

"ಅಷ್ಟು ದೂರಾನಾ?"

"ಹೂಂ. ಅಲ್ಲಿವರೆಗೂ ನಿಲ್ದೆ ಬಾ."