ಸಮುದ್ರಮಟ್ಟದ ಸಾಲು

ನೆನಪಿನಲ್ಲಿ ಆ ಮರಳು ದಿಬ್ಬ ಬೆಟ್ಟದಷ್ಟು ಎತ್ತರವಿದೆ. ನಿಜಕ್ಕೂ ಅಷ್ಟೇನೂ ಇರಲಿಲ್ಲ. ಕೊಲ್ಲಿಯ ಮರಳುಗಾಡಿನಲ್ಲಿ, ಮುತ್ಲಾ ಏರಿನ ಕಡೆ ಹೋಗುವ ರಸ್ತೆಯಿಂದ ಪಕ್ಕಕ್ಕೆ ಇಳಿದರೆ ಸಿಗುತ್ತಿದ್ದ ಗುಡ್ಡೆ ಅದು. ಮಂಗಳೂರಿನಲ್ಲಾಗಿದ್ದರೆ ಯಾರಾದರೂ ಸಮ ಮಾಡಿಸಿ ಮನೆ ಕಟ್ಟಿಬಿಡುತ್ತಿದ್ದರು. ಆದರೆ ೧೯೯೦ರ ಬೇಸಿಗೆಯಲ್ಲಿ ಅದರ ನೆತ್ತಿಗೆ ಒಂದು ಗಾಡಿ ಹತ್ತಿದರೆ ಮಾತ್ರ ಒಬ್ಬ ಮನುಷ್ಯ ತನ್ನ ಮಗಳ ನಿಕಾಹಕ್ಕೆ ಊರು ಸೇರಬಹುದಿತ್ತು. ಹಾಗಾಗಿ ಎತ್ತರ ಇದ್ದಷ್ಟು ಇರಲಿ, ನಾನು ತಿದ್ದುವುದಿಲ್ಲ.

ಆ ಮನುಷ್ಯ, ರಾಯ್ ಎಂಬ ಗ್ಯಾರೇಜುಗಳ ಪೇಟೆಯಲ್ಲಿ ನಾನು ಕೆಲಸಕ್ಕಿದ್ದ ಗ್ಯಾರೇಜಿನ ಹೆಡ್ ಮೆಕ್ಯಾನಿಕ್. ಉಳ್ಳಾಲದ ಕಡೆಯ ಬ್ಯಾರಿ. ನಾನು ಬಿಡಿಭಾಗಗಳ ಕೌಂಟರಿನಲ್ಲಿ ಕೂರುತ್ತಿದ್ದೆ. ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಅವರಷ್ಟು ಜಂಬದ ಕೆಲಸಗಾರನನ್ನು ನಾನು ಇವತ್ತಿಗೂ ಕಂಡಿಲ್ಲ. ಟೂಲ್‌ಬಾಕ್ಸಿನ ಮೇಲಿನ ಮೊಳೆಗೆ ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿಯೊಂದು ತೂಗುತ್ತಿತ್ತು. ಗಿರಾಕಿ ಬಂದರೆ ಗ್ರೀಸಿನ ಅಂಗಿ ಕಳಚಿ ಅದನ್ನು ತೊಟ್ಟು ಹೊರಗೆ ಹೋಗುವರು. ಹೊಸಬರು ಇವರೇ ಧಣಿ ಎಂದುಕೊಂಡು ಸಲಾಂ ಹೊಡೆಯುವರು. ಕಾಕ ಅದನ್ನು ಸ್ವೀಕರಿಸುವರು.

ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಮೊದಲ ಕಲಬೆರಕೆ ಅಲ್ಲಿಗೇ ಆಯಿತು.

ನಮ್ಮ ಕಫೀಲ್, ಅಂದರೆ ಗ್ಯಾರೇಜಿನ ಯಜಮಾನ, ತನ್ನ ದಾಯಾದಿಗಳ ಜೊತೆ ಮರಳಿನಲ್ಲಿ ಗಾಡಿ ಹತ್ತಿಸುವ ಪಂಥಕ್ಕೆ ಬಿದ್ದಿದ್ದ. ಕೊಳವೆಗಳನ್ನು ಬೆಸೆದು ಮಾಡಿದ ಹಗುರ ಬಗ್ಗಿ, ಅದಕ್ಕೆ ಎಲ್ಲಿಂದಲೋ ತರಿಸಿದ ಹಿಮದ ಸ್ಕೂಟರಿನ ಇಂಜಿನ್. ಹಿಮದ ಮೇಲೆ ಓಡುವ ಆ ಸ್ಕೂಟರನ್ನು ನಾವ್ಯಾರೂ ನೋಡಿರಲಿಲ್ಲ. ಇಂಜಿನ್ ಜೊತೆ ಬಂದ ಪುಸ್ತಕದ ಚಿತ್ರದಲ್ಲಿ ಮಾತ್ರ ಅದಿತ್ತು: ಬಿಳಿ ಬೆಟ್ಟ, ಕೆಂಪು ಟೊಪ್ಪಿಯ ಮನುಷ್ಯ.

ಅದರ ಕ್ಲಚ್ಚೇ ಬೇರೆ ಥರ. ಗೇರ್ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಅಗಲದ ಬೆಲ್ಟು. ಮುಂದಿನ ಪುಲ್ಲಿಯೊಳಗೆ ಮೂರು ಉಕ್ಕಿನ ತೂಕಗಳು. ಇಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಚಿಮ್ಮಿ ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ಒತ್ತುತ್ತವೆ, ಬೆಲ್ಟು ಮೇಲಕ್ಕೇರುತ್ತದೆ, ಗಾಡಿ ವೇಗ ಹಿಡಿಯುತ್ತದೆ. ತೂಕ ಭಾರವಾದರೆ ಇಂಜಿನ್ನಿಗೆ ಪೂರ್ತಿ ಶಕ್ತಿ ಬರುವ ಮೊದಲೇ ಹೊರೆ ಬೀಳುತ್ತದೆ. ಹಗುರವಾದರೆ ಇಂಜಿನ್ ಸುಮ್ಮನೆ ಕಿರುಚುತ್ತದೆ. ಎರಡರ ನಡುವೆ ಒಂದು ಜಾಗ ಉಂಟು, ಅದನ್ನು ಹುಡುಕಬೇಕು.

ಪುಸ್ತಕದಲ್ಲಿ ಒಂದು ಪಟ್ಟಿಯಿತ್ತು. ಎಡಗಡೆ ಬೆಟ್ಟದ ಎತ್ತರ, ಬಲಗಡೆ ಹಾಕಬೇಕಾದ ತೂಕ. ಎತ್ತರ ಹೆಚ್ಚಿದಷ್ಟೂ ತೂಕ ಹಗುರ. ನಾನು ಓದಿ ಹೇಳಿದೆ.

"ಮೊದಲ ಸಾಲು ಎಂತ?" ಕಾಕ ಕೇಳಿದರು.

"ಸಮುದ್ರಮಟ್ಟ."

"ಅದೇ ಹಾಕುವ. ನಾನು ಹುಟ್ಟಿದ್ದು ಸಮುದ್ರದ ಬಾಗಿಲಲ್ಲಿ, ಈ ದೇಶ ಇರುವುದೂ ಸಮುದ್ರದ ಬಾಗಿಲಲ್ಲಿ. ಬೆಟ್ಟದವರ ಲೆಕ್ಕ ನಮಗ್ಯಾಕೆ ಮಾರಾಯ?"

ಕಡಲ ಕರೆಯ ನಮಗಿಬ್ಬರಿಗೂ ಇದರಲ್ಲಿ ಅನುಮಾನಪಡುವಂಥದ್ದು ಏನೂ ಕಾಣಲಿಲ್ಲ.

ಶುಕ್ರವಾರ ರಜೆ. ಬೆಳಕು ಹರಿಯುವಾಗಲೇ ದಿಬ್ಬಕ್ಕೆ ಹೋದೆವು. ತಂಪು ಗಾಳಿ. ಕಾಕ ಹತ್ತಿಸಿದರು, ಗಾಡಿ ನೆತ್ತಿ ದಾಟಿ ಆಚೆ ಇಳಿಯಿತು. ಇನ್ನೊಮ್ಮೆ ಹತ್ತಿಸಿದರು, ಅದೂ ಸಲೀಸು. "ಪಾಸ್‌ಪೋರ್ಟ್ ಕಿಸೆಗೆ ಬಂತು" ಎಂದು ಮೀಸೆ ತೀಡಿದರು. ಬೇಸಿಗೆಯಲ್ಲಿ ಗ್ಯಾರೇಜಿಗೆ ಕೆಲಸ ಹೆಚ್ಚು. ಆಗ ಯಾರಿಗೂ ರಜೆಯಿಲ್ಲ, ಪಾಸ್‌ಪೋರ್ಟುಗಳೆಲ್ಲ ಕಫೀಲನ ಕಪಾಟಿನಲ್ಲಿ. ಗಾಡಿ ದಿಬ್ಬ ಹತ್ತಿದರೆ ಮಾತ್ರ ರಜೆ ಎಂದು ಅವನು ಮಾತು ಕೊಟ್ಟಿದ್ದ. ನಿಕಾಹ ಜುಲೈ ಕೊನೆಗೆ.

ಕಾಕ ಜುಮಾ ನಮಾಜಿಗೆ ಹೋಗಿ ಬಂದರು. ಕಫೀಲ್ ನಮಾಜು ಮುಗಿಸಿ, ಊಟ ಮಾಡಿ, ದಾಯಾದಿಗಳನ್ನು ಕರೆದುಕೊಂಡು ಬಂದ. ಅಷ್ಟರಲ್ಲಿ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಗಾಡಿ ಅರ್ಧ ದಿಬ್ಬ ಹತ್ತಿತು, ಗೊರಗೊರ ಎಂದಿತು, ಹಿಂದಿನ ಚಕ್ರ ಹೂತು ನಿಂತಿತು.

"ಹಾದಾ ಹ್ಮಾರ್!" ಕಫೀಲ್ ಕೂಗಿದ. ಇದು ಕತ್ತೆ.

ಕಾಕ ನನ್ನ ಕಡೆ ತಿರುಗಿ ತುಳುವಿನಲ್ಲಿ ಹೇಳಿದರು: "ಕತ್ತೆಯಾಗಿದ್ದರೆ ಹತ್ತುತ್ತಿತ್ತು."

ಕಫೀಲ್ ಇನ್ನೊಂದು ಶುಕ್ರವಾರ ಕೊಟ್ಟ. ಅಷ್ಟೇ, ಆಮೇಲೆ ಖಲಾಸ್.

ಮುಂದಿನ ಮಾತು ಯಾರ ಬಾಯಿಂದ ಬಂತು ಎನ್ನುವುದರಲ್ಲಿ ನನಗೆ ನನ್ನ ಮೇಲೆಯೇ ನಂಬಿಕೆಯಿಲ್ಲ. ವಾಪಸು ಬರುವಾಗ ಪಿಕಪ್ಪಿನಲ್ಲಿ ಕಾಕ, ಚಾರ್ಮಾಡಿ ಘಾಟಿ ಹತ್ತುವಾಗ ಲಾರಿಗಳಿಗೆ ಉಸಿರು ಸಾಲದೆ ಬರುವ ಶಬ್ದ ಮಾಡಿ ತೋರಿಸಿದ್ದು ನಿಜ. ಥೇಟು ಅದೇ ಗೊರಗೊರ. ಬೆಟ್ಟದ ಮೇಲಿನ ಗಾಳಿಯಂತೆ ಬಿಸಿ ಗಾಳಿಯೂ ತೆಳು ಎಂದು ಶಾಲೆಯಲ್ಲಿ ಓದಿದ್ದು ನನಗೆ ನೆನಪಾದದ್ದೂ ನಿಜ. ಎರಡನ್ನೂ ಜೋಡಿಸಿದವನು ನಾನೇ ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಕಾಕನೂ ಹಾಗೆಯೇ ತಾನೆಂದು ಹೇಳಿಕೊಂಡು ತಿರುಗಿದ್ದಾರೆ. ಅಂತೂ ಖೈತಾನ್ ಬಡಾವಣೆಯ ನಮ್ಮ ರೂಮು ಸೇರುವಷ್ಟರಲ್ಲಿ ವಿಷಯ ನಿಕ್ಕಿಯಾಗಿತ್ತು. ಬೆಳಿಗ್ಗೆ ನಾವು ಸಮುದ್ರಮಟ್ಟದಲ್ಲಿ ಇರುತ್ತಿದ್ದೆವು, ಮಧ್ಯಾಹ್ನ ಕೂತಲ್ಲೇ ಬೆಟ್ಟದ ಮೇಲಿರುತ್ತಿದ್ದೆವು.

"ಪುಸ್ತಕದಲ್ಲಿ ಕೆಳಗಿನ ಸಾಲು ಓದು ಮಾರಾಯ," ಎಂದರು ಕಾಕ.

ಹಗುರ ತೂಕಗಳನ್ನು ತರಿಸಲು ಸಮಯವಿರಲಿಲ್ಲ. ಹಳೆಯವು ಕೆಡದಂತೆ ಎತ್ತಿಟ್ಟು, ಇಂಜಿನ್ ಜೊತೆ ಬಂದಿದ್ದ ಇನ್ನೊಂದು ಸೆಟ್ಟನ್ನು ಅರದಿಂದ ಉಜ್ಜತೊಡಗಿದರು. ಮೂರೂ ಒಂದೇ ತೂಕ ಇರಬೇಕು, ಒಂದು ಹೆಚ್ಚಾದರೂ ಪುಲ್ಲಿ ನಡುಗುತ್ತದೆ. ಪಕ್ಕದ ರೂಮಿನ ಅಕ್ಕಸಾಲಿಗರ ಚಿನ್ನದ ತಕ್ಕಡಿ ಬಂತು. ಕಾಕ ಕಲ್ಲು ಇಟ್ಟು ತೂಗಲಿಲ್ಲ. ಒಂದು ತಟ್ಟೆಯಲ್ಲಿ ಒಂದು ತೂಕ, ಇನ್ನೊಂದರಲ್ಲಿ ಇನ್ನೊಂದು. ಮುಳ್ಳು ವಾಲಿದ ಕಡೆಯದನ್ನು ತೆಗೆದು, ಅರವನ್ನು ಒಮ್ಮೆ ಆಡಿಸಿ, ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಇಡುವರು. ತಾಳಿ ಮಾಡುವವನ ಕೈಯೂ ಅಷ್ಟು ಮೃದುವಾಗಿರುವುದು ನಾನು ಕಂಡಿಲ್ಲ. ಅವರಿಗೂ ಅದು ಗೊತ್ತಿತ್ತು. "ನೋಡು, ನೋಡಿ ಕಲಿ," ಎನ್ನುತ್ತಲೇ ಇದ್ದರು.

ಬೇಸಿಗೆಯಲ್ಲಿ ಗ್ಯಾರೇಜು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತಿತ್ತು. ಊರೆಲ್ಲ ಏಸಿ ಹಾಕಿ ಮಲಗುವ ಹೊತ್ತು. ಆ ವಾರ ಆ ಹೊತ್ತಿನಲ್ಲಿ ನಾವಿಬ್ಬರು ದಿಬ್ಬದ ಬುಡದಲ್ಲಿದ್ದೆವು. ಸ್ಪ್ಯಾನರು ಮುಟ್ಟಿದರೆ ಕೈ ಸುಡುತ್ತಿತ್ತು, ಒದ್ದೆ ಬಟ್ಟೆ ಸುತ್ತಿ ಹಿಡಿಯುತ್ತಿದ್ದೆವು. ಕಾರ್ಬ್ಯುರೇಟರಿಗೆ ಪೆಟ್ರೋಲು ಕಡಿಮೆ ಬಿಡುವ ಚಿಕ್ಕ ಜೆಟ್ ಹಾಕಿ, ಪುಲ್ಲಿ ಬಿಚ್ಚಿ, ಉಜ್ಜಿ, ಮತ್ತೆ ಹತ್ತಿಸುವುದು. ಕಾಕ ಮೀಟರು ನೋಡುತ್ತಿರಲಿಲ್ಲ, ನನಗೆ ನೋಡಲು ಹೇಳಿ ತಾವು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಈಗ ಎಷ್ಟು?" ನಾನು ಹೇಳುವೆ. "ಇನ್ನು ಸ್ವಲ್ಪ ಬಾಯಿ ಬಿಡಬೇಕು ಇದು."

ಒಂದು ಮಧ್ಯಾಹ್ನ ಇಂಜಿನ್ ಬಾಯಿ ಬಿಟ್ಟಿತು. ಬುಡದಿಂದ ನೆತ್ತಿಯವರೆಗೆ ಒಂದೇ ಸ್ವರ, ಏರಲಿಲ್ಲ, ಇಳಿಯಲಿಲ್ಲ. ಗಾಡಿಯಷ್ಟೇ ಮೇಲೆ ಹೋಯಿತು. ಮೇಲಿನಿಂದ ಕಾಕ ಎರಡೂ ಕೈ ಎತ್ತಿದರು. ನನ್ನ ನೆನಪಿನ ಚಿತ್ರದಲ್ಲಿ ಅವರು ಬಿಳಿ ಅಂಗಿಯಲ್ಲಿದ್ದಾರೆ. ಸಾಧ್ಯವಿಲ್ಲ, ಆದರೆ ಹಾಗೇ ಇದ್ದಾರೆ.

ಶುಕ್ರವಾರ ಕಫೀಲನೇ ಓಡಿಸಿದ. ಹತ್ತಿತು. ದಿಬ್ಬದ ಮೇಲೆಯೇ ಪಾಸ್‌ಪೋರ್ಟು ಕೊಟ್ಟ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮರಳಿಗೆ ಪಾಸ್‌ಪೋರ್ಟು ಯಾರು ತರುತ್ತಾರೆ? ಆಮೇಲೆ ಆಫೀಸಿನಲ್ಲೇ ಕೊಟ್ಟಿರಬೇಕು. ಕಾಕ ಜುಲೈಯಲ್ಲಿ ಹೋದರು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ನಾವು ಉಳಿದವರು ಜೋರ್ಡಾನಿನ ದಾರಿಯಲ್ಲಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಊರು ಸೇರಿದೆವು.

ಊರಿನಲ್ಲಿ ಕಥೆ ತಯಾರಾಗಿತ್ತು: ಕ್ಲಚ್ಚು ಬ್ಯಾರಿಯನ್ನು ಉಳಿಸಿತು. ಕೇಳಲು ಚೆನ್ನಾಗಿದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

೧೯೯೧ರ ಬೇಸಿಗೆಯಲ್ಲಿ ನಾನು ತಿರುಗಿ ಹೋದೆ, ನನ್ನ ಹಿಂದೆಯೇ ಕಾಕ ಬಂದರು. ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ಹೊಗೆ ಕವಿದ ದಿನ ಮಧ್ಯಾಹ್ನವೂ ಕಾರುಗಳು ಲೈಟು ಹಾಕಿ ಓಡುತ್ತಿದ್ದವು, ಬಿಸಿಲೇ ಇಲ್ಲದೆ ಜೂನಿನಲ್ಲಿ ಮೈ ತಣ್ಣಗಾಗುತ್ತಿತ್ತು. ಲೂಟಿಯಲ್ಲಿ ಗ್ಯಾರೇಜಿನ ಶಟರು ಹರಿದಿತ್ತು. ಬಗ್ಗಿಯೂ ಇಲ್ಲ, ಕಾಕನ ಟೂಲ್‌ಬಾಕ್ಸೂ ಇಲ್ಲ. ಕೌಂಟರಿನ ಡ್ರಾಯರಿನಲ್ಲಿ ಉಜ್ಜದೆ ಎತ್ತಿಟ್ಟಿದ್ದ ಆ ಹಳೆಯ ಮೂರು ತೂಕಗಳು ಮಾತ್ರ ಮಸಿ ಹಿಡಿದು ಬಿದ್ದಿದ್ದವು.

ಕಾಕ ಅವನ್ನು ಅಂಗೈಯಲ್ಲಿ ಆಡಿಸಿ ಆಕಾಶ ನೋಡಿದರು. "ಇವತ್ತಿನ ಗಾಳಿಗೆ ಇದೇ ಸರಿ. ಮೊದಲ ಸಾಲು."

"ನಿಕಾಹ ಹೇಗಾಯಿತು ಕಾಕಾ? ಕ್ಲಚ್ಚು ನಿಮ್ಮನ್ನು ಉಳಿಸಿತು ಎನ್ನುತ್ತಾರೆ ಊರಲ್ಲಿ."

"ಉಳಿಸಲಿಕ್ಕೆ ನಾನು ಅದನ್ನು ಉಜ್ಜಿದ್ದಾ? ಮಗಳ ನಿಕಾಹದ ದಿನ ಬಾಗಿಲಲ್ಲಿ ನಿಂತು ಮದುಮಗನ ಕೈ ಹಿಡಿದು ಒಳಗೆ ಕರೆದದ್ದು ನಾನು. ಅದಕ್ಕೆ ಉಜ್ಜಿದ್ದು." ತೂಕಗಳನ್ನು ಕರವಸ್ತ್ರದಲ್ಲಿ ಒರೆಸಿದರು. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು ಹೇಳಿದರು: "ಆ ಬಗ್ಗಿಯನ್ನು ಕೊಂಡುಹೋದವನು ಚಳಿಯಲ್ಲಿ ಓಡಿಸಿರ್ತಾನೆ ಮಾರಾಯ. ಇಂಜಿನ್ ಬರೀ ಕಿರುಚಿರ್ತದೆ. ಯಾವ ಕತ್ತೆ ಇದನ್ನು ಸೆಟ್ ಮಾಡಿದ್ದು ಅಂತ ಬೈದಿರ್ತಾನೆ."