ಸೋಮವಾರದ ಪೇಶಿ

ನನ್ನ ಮಾವ ಶೇರವಾನಿಯ ಕೊರಳ ಗುಂಡಿ ಬಿಚ್ಚಿದ್ದನ್ನು ನಾನು ಕಂಡವಳಲ್ಲ. ಕಡುಬೇಸಿಗೆಯಲ್ಲಿ ಊಟಕ್ಕೆ ಕೂತಾಗಲೂ ಅದು ಮೈಮೇಲೆಯೇ. ಕಾಲರಿನ ಸುತ್ತ ಬೆವರಿನ ಉಪ್ಪು ಬಿಳಿ ಗೆರೆ ಎಳೆದಿರುತ್ತಿತ್ತು. ಹುಮನಾಬಾದಿನ ಕಚೇರಿಯೊಂದರಲ್ಲಿ ಅವರು ಪೇಶ್ಕಾರರು. ಸಾಹೇಬರ ಮುಂದೆ ಕಾಗದ ಇಡುವುದು, ಅರ್ಜಿ ಹಿಡಿದು ಬಂದವರಿಗೆ ಮುಂದಿನ ಪೇಶಿಯ, ಅಂದರೆ ವಿಚಾರಣೆಯ, ತಾರೀಖು ಹೇಳಿ ಕಳಿಸುವುದು, ಇಷ್ಟೇ ಕೆಲಸ. ತೀರ್ಪು ಕೊಡುವ ಅಧಿಕಾರ ಅವರಿಗಿರಲಿಲ್ಲ. ತಡಮಾಡುವ ಅಧಿಕಾರವಿತ್ತು, ಅದನ್ನೇ ಮನೆಗೂ ಹೊತ್ತು ತರುತ್ತಿದ್ದರು.

ಹೆಂಡತಿಯೂ ಅವರನ್ನು ಪೇಶ್ಕಾರ ಸಾಹೇಬರೆಂದೇ ಕರೆಯಬೇಕು. ಏನು ಕೇಳಿದರೂ ಕೇಳಿದ ದಿನ ಉತ್ತರವಿಲ್ಲ. ಮಗನಿಗೆ ಹೊಸ ಧೋತರ ಬೇಕೆಂದರೆ ತಾರೀಖು, ಮಾಳಿಗೆ ಸೋರುತ್ತಿದೆಯೆಂದರೆ ತಾರೀಖು. ಕಚೇರಿಯ ಮೆಟ್ಟಿಲಿಳಿದ ಮೇಲೆ ಪೇಶ್ಕಾರನೂ ಗಂಡನಾಗಬೇಕು, ತಂದೆಯಾಗಬೇಕು. ಈ ಮನುಷ್ಯ ಇಳಿಯಲೇ ಇಲ್ಲ. ಹೊಸ ಸೊಸೆ ನಾನು, ಸೆರಗಿನೊಳಗೇ ನಗುತ್ತಿದ್ದೆ.

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಗುರುವಾರ ಅತ್ತೆಯ ತವರೂರು ಹುಡಗಿ ಎಂಬ ಹಳ್ಳಿಯಿಂದ ಆಳು ಬಂದು, ಅವರ ತಾಯಿಗೆ ಜಡ್ಡು ಜೋರಾಗಿದೆಯೆಂದು ಹೇಳಿಹೋದ. ಹುಡಗಿಯೇನು ದೂರವೇ? ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ನಡೆದೇ ಮುಟ್ಟಬಹುದು. ಸಂಜೆ ಅತ್ತೆ ಬಾಗಿಲ ಮರೆಯಲ್ಲಿ ನಿಂತು ಕೇಳಿದರು.

“ಅವ್ವಗ ಭಾಳ ತ್ರಾಸ ಆಗೇದಂತ್ರಿ. ಹೋಗಿ ಬರ್ಲೇನ್ರಿ?”

ಮಾವ ಅಡಕೆ ಕತ್ತರಿಸುತ್ತಲೇ, “ಸೋಮವಾರ ಪೇಶಿ. ಆವತ್ತ ಕೇಳು” ಎಂದರು.

ಶನಿವಾರ ಆ ತಾಯಿ ತೀರಿಹೋದರು. ಮಗಳು ಬರಲಿಲ್ಲವೆಂಬ ಸಿಟ್ಟಿಗೆ ಅತ್ತೆಯ ಅಣ್ಣ, ಮಣ್ಣು ಮಾಡಿದ ಮೇಲೆ ಸುದ್ದಿ ಕಳಿಸಿದ. ಅದನ್ನು ಕೇಳಿ ಮಾವ, “ಹಾಂಗಾದ್ರ ಅರ್ಜಿ ಖಾರಿಜ್ ಆತು” ಎಂದರು. ಕಚೇರಿಯಲ್ಲಿ ಅರ್ಜಿ ತಳ್ಳಿಹಾಕುವಾಗ ಆಡುವ ಮಾತು ಅದು. ಅತ್ತೆ ಮತ್ತೆ ತವರಿಗೆ ಮುಖ ತೋರಿಸಲಿಲ್ಲ. ಅಂಥ ಮಾತಾಡಿದ ಬಾಯಿಗೆ ನಾನು ವರ್ಷಗಟ್ಟಲೆ ರೊಟ್ಟಿ ಬಡಿದು ಹಾಕಿದೆ. ಅದರ ಸಿಟ್ಟು ನನಗೆ ನನ್ನ ಮೇಲೆಯೇ ಇದೆ.

ನಿಜಾಮನ ಆಡಳಿತ ಹೋಯಿತು, ಪೇಶ್ಕಾರಿಕೆಯೂ ಹೋಯಿತು. ಶೇರವಾನಿ ಹೋಗಲಿಲ್ಲ. ಅದನ್ನು ತೊಟ್ಟು ಕಟ್ಟೆಯ ಮೇಲೆ ಕೂತು, ಸಲಾಮಿಗಾಗಿ ದಾರಿಹೋಕರ ಮುಖ ನೋಡುತ್ತಿದ್ದರು. ಎಮ್ಮೆಗಳನ್ನು ಬಿಟ್ಟರೆ ಯಾರೂ ಅವರ ಮುಂದೆ ನಿಲ್ಲುತ್ತಿರಲಿಲ್ಲ.

ಮರುವರ್ಷ ಹಾಸಿಗೆ ಹಿಡಿದರು. ಒಂದು ಶುಕ್ರವಾರ, ಬಸವಕಲ್ಯಾಣದಲ್ಲಿದ್ದ ತಂಗಿಯನ್ನು ಒಮ್ಮೆ ನೋಡಬೇಕು ಎಂದರು. ಅತ್ತೆ ಮರುಮಾತಾಡದೆ ಬಂಡಿ ತರಿಸಿ, ಅದರಲ್ಲಿ ಹಾಸಿಗೆಯನ್ನೂ ಹಾಸಿಸಿದರು. ಕೇಳಿದ ದಿನವೇ ಸಿಕ್ಕಿದ್ದು ಮಾವನ ದೊಡ್ಡಸ್ತಿಕೆಗೆ ಕಡಿಮೆಯೆನಿಸಿತೋ ಏನೋ, ಮಲಗಿದಲ್ಲಿಂದಲೇ ಬಂಡಿಯವನಿಗೆ ಕೈಯಾಡಿಸಿದರು.

“ಇವತ್ತ ಬ್ಯಾಡ. ಸೋಮವಾರ ಬಾ.”

ಭಾನುವಾರ ಬೆಳಿಗ್ಗೆ ತೀರಿಕೊಂಡರು. ಸಂಜೆಯೊಳಗೆ ಮಣ್ಣೂ ಆಯಿತು. ಬಂಡಿಯವನಿಗೆ ತಿಳಿಸುವುದನ್ನು ಎಲ್ಲರೂ ಮರೆತಿದ್ದರು. ಸೋಮವಾರ ಅವನು ಎತ್ತು ಹೂಡಿಕೊಂಡು ಬಾಗಿಲಿಗೆ ಬಂದು ನಿಂತ. ಮನೆ ತುಂಬ ನೆಂಟರು. ಅತ್ತೆ ಎಲ್ಲರ ನಡುವಿನಿಂದ ಎದ್ದುಹೋಗಿ ಬಂಡಿ ಹತ್ತಿದರು. ಎಲ್ಲಿಗೆ ಎಂದು ಅವನು ಕೇಳಿದ.

“ಹುಡಗಿಗಿ ನಡಿ. ನಮ್ಮವ್ವನ ಸಮಾಧಿ ನಾ ಇನ್ನಾ ನೋಡಿಲ್ಲ.”

ನಾನೂ ಯಾರನ್ನೂ ಕೇಳದೆ ಹಿಂದೆ ಹತ್ತಿ ಕೂತೆ.