ತಂಗಿಯ ಒಂಬತ್ತನೇ ತಿಂಗಳು

ಇಂಥವನ್ನೆಲ್ಲ ನಂಬುವ ಹೆಂಗಸು ನಾನಲ್ಲ. ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ಹೊಸಪೇಟೆಯಿಂದ ಕಮಲಾಪುರದ ಮೇಲೆ ಕಂಪ್ಲಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಹುಣ್ಣಿಮೆ ದಿನ ದೇವಸ್ಥಾನಕ್ಕೆ ಹೊರಟ ಹೆಂಗಸರಿಗೆ ಬಸ್ಸಿನಲ್ಲೇ ಮೈಮೇಲೆ ದೇವರು ಬರುವುದುಂಟು. ಸುತ್ತಲಿನವರು ಕೈಮುಗಿದು ಜಾಗ ಬಿಟ್ಟುಕೊಟ್ಟರೆ ನಾನು, ದೇವರು ಇಳಿದ ಮೇಲೆ ಬರುತ್ತೇನೆ, ಟಿಕೆಟ್ ತಗೊಳ್ಳಿ ಎಂದು ಮುಂದಿನ ಸೀಟಿಗೆ ಹೋಗುತ್ತಿದ್ದೆ. ಗಾಳಿ, ದೃಷ್ಟಿ, ಸೂಚನೆ ಯಾವುದಕ್ಕೂ ನನ್ನ ಹತ್ತಿರ ಬಿಡುವಿರಲಿಲ್ಲ. ಬಾಯಿ ಜೋರು ಎಂದು ಡಿಪೋದಲ್ಲಿ ನನಗೊಂದು ಹೆಸರೂ ಇದೆ.

ಮದುವೆಯಾಗಿ ಬಹಳ ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಬಳ್ಳಾರಿಯ ಡಾಕ್ಟರುಗಳನ್ನು ಕಂಡೆವು, ಅತ್ತೆಯ ಸಮಾಧಾನಕ್ಕೆ ಹರಕೆಯನ್ನೂ ಹೊತ್ತೆವು. ಆಮೇಲೆ ಒಂದು ದಿನ, ಇನ್ನು ಸಾಕು ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ, ಗಂಡ ಹೆಂಡತಿ ಇಬ್ಬರೂ ಆ ಮಾತು ಎತ್ತುವುದನ್ನು ನಿಲ್ಲಿಸಿದೆವು. ನಮ್ಮ ಮನೆಯವರು ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕಿದ್ದಾರೆ. ಅವರು ಬರುವ ಹೊತ್ತಿಗೆ ನಾನು ಹೊರಟಿರುತ್ತೇನೆ, ನಾನು ಬರುವ ಹೊತ್ತಿಗೆ ಅವರು ಮಲಗಿರುತ್ತಾರೆ. ಹಾಗಾಗಿ ಮಾತಿಲ್ಲದ್ದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

ನನಗಿರುವವಳು ಒಬ್ಬಳೇ ತಂಗಿ, ರೇಣುಕಾ. ಅವ್ವ ಜ್ವರ ಬಂದು ತೀರಿಕೊಂಡಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು, ನಾನು ಶಾಲೆಗೆ ಹೋಗುವ ಹುಡುಗಿ. ನನ್ನ ಸೊಂಟದ ಮೇಲೆಯೇ ಬೆಳೆದವಳು. ಅವಳನ್ನು ಸಂಡೂರಿಗೆ ಕೊಟ್ಟಿದ್ದೇವೆ, ಗಂಡ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ. ಅವಳು ಬಸುರಿ ಎಂದು ಫೋನ್ ಬಂದಾಗ ನಾನು ಕಂಪ್ಲಿ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆ. ಸಂತೋಷಕ್ಕೆ ಅಳು ಬಂತು. ಎಲ್ಲವೂ ಸಂತೋಷದ ಅಳುವೇ ಆಗಿತ್ತೆಂದು ಹೇಳಲಾರೆ.

ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಅವಳ ತವರು ಎಂದರೆ ನಾನೇ. ತವರಿನವರು ಬಸುರಿಗೆ ಹಸಿರು ಉಡಿಸಿ ಉಡಿ ತುಂಬುವ ಕುಬಸಕ್ಕೆ ಸೀರೆ, ಬಳೆ, ಹೋಳಿಗೆ ಬುಟ್ಟಿ ಹೊತ್ತುಕೊಂಡು ಸಂಡೂರಿಗೆ ಹೋದೆ. ಉಡಿ ತುಂಬಲು ನಾನು ಎದ್ದಾಗ ಅವಳ ಗಂಡನ ಕಡೆಯ ಹಿರಿಯ ಹೆಂಗಸೊಬ್ಬರು ನನ್ನ ಮೊಣಕೈ ಹಿಡಿದು, ಬಹಳ ಮೆತ್ತಗೆ, ಮಕ್ಕಳ ತಾಯಂದಿರು ತುಂಬಲಿ, ನೀವು ಕುಂದ್ರಿ ಎಂದರು. ನಾನು ಕೂತೆ. ಬಸ್ಸಿನಲ್ಲಿ ಎಂಥವರಿಗೂ ಎದುರುತ್ತರ ಕೊಡುವ ನನ್ನ ಬಾಯಿಗೆ ಅಂದು ಬೀಗ ಬಿತ್ತು.

ರೇಣುಕಾಳನ್ನು ಹೊಸಪೇಟೆಗೆ ಕರೆತಂದ ದಿನವೇ ಒಂದು ತೀರ್ಮಾನ ಮಾಡಿಕೊಂಡೆ. ಅವಳ ಹೊಟ್ಟೆ ಮುಟ್ಟಬಾರದು. ನನ್ನ ಕೈಯಲ್ಲಿ ಏನೋ ಕೆಡುಕಿದೆ ಎಂದು ನಂಬಿದ್ದರಿಂದಲ್ಲ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ನಾಲ್ಕು ಮಂದಿ ಈ ಕೈಯತ್ತ ನೋಡುತ್ತಾರೆ, ಅವರನ್ನು ನೋಡುತ್ತ ನೋಡುತ್ತ ನಾನೂ ನಂಬಿಬಿಡುತ್ತೇನೆ ಎಂಬ ಹೆದರಿಕೆ. ಅವಳು ಎಷ್ಟೋ ಸಲ, ಎಷ್ಟು ದೊಡ್ಡದಾಗೈತಿ ನೋಡಕ್ಕಾ ಎಂದು ನನ್ನ ಕೈ ಎಳೆದುಕೊಳ್ಳುತ್ತಿದ್ದಳು. ಊರಿನ ಮಂದಿಯೆಲ್ಲ ಮುಟ್ಟಿದ ನೋಟು ಎಣಿಸಿದ ಕೈ, ತೊಳೆದುಕೊಂಡು ಬರ್ತೀನಿ ಎಂದು ಎದ್ದು ಹೋಗುತ್ತಿದ್ದೆ. ತೊಳೆದುಕೊಂಡು ಬರುತ್ತಿರಲಿಲ್ಲ.

ಆ ವಾರಗಳ ಸಂಜೆಗಳು ಮಾತ್ರ ನನ್ನ ಬದುಕಿನ ಒಳ್ಳೆಯ ಸಂಜೆಗಳು. ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ "ಇವತ್ತು ಒದೀತೇನು?" ಎಂದು ಕೇಳುತ್ತಿದ್ದೆ. ಅವಳು ನಕ್ಕು, ಒದ್ದ ಕಥೆ ಹೇಳುತ್ತಿದ್ದಳು. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಮಾತಿಗೆ ತೊಡಗಿದರೆ ಅನ್ನ ಸೀದ ವಾಸನೆ ಬಂದಾಗಲೇ ಏಳುವುದು. ಅವಳಿಗೆ ಆಪರೇಷನ್ ಎಂದರೆ ಹೆದರಿಕೆ. ಗಂಡ ಲೋಡು ಹಾಕಿಕೊಂಡು ಗುಡ್ಡ ಇಳಿಯುವಾಗ ಬ್ರೇಕು ಸರಿಯಾಗಿರುತ್ತದೋ ಇಲ್ಲವೋ ಎಂಬ ಹೆದರಿಕೆ. ಹೆರುವ ಹೊತ್ತಿಗೆ ಅವ್ವನ ಹೆಸರು ಕರೆದರೆ ಅವ್ವನ ಮುಖವೇ ತನಗೆ ನೆನಪಿಲ್ಲವಲ್ಲ ಎಂಬ ಸಂಕಟ. ಹೆಣ್ಣಾಗಬೇಕು, ಅದು ದೊಡ್ಡದಾಗಿ ಬಸ್ಸನ್ನೇ ಓಡಿಸಬೇಕು, ನಿನ್ನ ಹಾಗೆ ಹಿಂದೆ ನಿಂತು ಸೀಟಿ ಊದಬಾರದು ಎಂದು ನನ್ನನ್ನು ಕಾಡುತ್ತಿದ್ದಳು. ನಾನು ನನ್ನ ಆಸೆಯನ್ನೂ ಹೇಳಿಕೊಂಡೆ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಎರೆಯುವುದು ನನಗೇ ಬಿಡಬೇಕು ಎಂದೆ. ಇನ್ಯಾರಿಗೆ ಬಿಡ್ತಾರೆ ಎಂದು ಅವಳು ಬೈದಳು.

ಇಂಥದ್ದರ ನಡುವೆ ಅದು ಶುರುವಾಯಿತು. ಬೆಳಗಿನ ಬಸ್ಸು ಕಮಲಾಪುರದ ಕೆರೆ ಏರಿಯ ಮೇಲೆ ಹೋಗುತ್ತಿತ್ತು. ಕಂಬಕ್ಕೆ ಒರಗಿ ಟಿಕೆಟ್ ಹರಿಯುತ್ತಿದ್ದ ನನ್ನ ಹೊಟ್ಟೆಯೊಳಗೆ, ಬಲಗಡೆ ಪಕ್ಕೆಲುಬಿನ ಕೆಳಗೆ, ಏನೋ ತಿವಿಯಿತು. ಹಿಂದಿನ ಸಂಜೆ ತಿಂದ ಮಿರ್ಚಿಯ ಕೆಲಸ ಎಂದುಕೊಂಡೆ. ಮರುದಿನವೂ ಆಯಿತು. ಅದರ ಮರುದಿನ ಬರೀ ತಿವಿತವಲ್ಲ, ಒಳಗೇನೋ ನಿಧಾನವಾಗಿ ಹೊರಳಿ ಮಗ್ಗುಲು ಬದಲಿಸಿತು. ಗ್ಯಾಸ್ ಆದರೆ ನನಗೆ ಗೊತ್ತಾಗುತ್ತದೆ, ಬಸ್ಸಿನಲ್ಲಿ ದುಡಿಯುವ ಯಾರಿಗೂ ಗೊತ್ತಾಗುತ್ತದೆ. ಇದು ಅದಲ್ಲ. ಇದಕ್ಕೆ ಹಿಮ್ಮಡಿ ಇತ್ತು.

ಮುಚ್ಚಿಡುವುದೇಕೆ, ಕಂಪ್ಲಿಯಲ್ಲಿ ಗುರುತಿಲ್ಲದ ಔಷಧಿ ಅಂಗಡಿಗೆ ಹೋಗಿ ಬಸಿರು ಪರೀಕ್ಷೆಯ ಕಡ್ಡಿ ತಂದು ನೋಡಿದೆ. ಒಂದೇ ಗೆರೆ. ಆ ವಾರವೇ ಮುಟ್ಟೂ ಬಂತು. ಆದರೂ ಅದು ನಿಲ್ಲಲಿಲ್ಲ. ದಿನಕ್ಕೆ ಹಲವು ಸಲ, ಹೆಚ್ಚಾಗಿ ಊಟವಾದ ಮೇಲೆ, ನನ್ನೊಳಗೆ ಅದು ಮಿಸುಕುತ್ತಿತ್ತು. ಸಂಜೆ ಮನೆಗೆ ಬಂದು ಒದೀತೇನು ಎಂದರೆ, ಹೂಂ, ಊಟ ಆದ ಮ್ಯಾಲೆ ಭಾಳ ಒದೀತು ಎನ್ನುತ್ತಿದ್ದಳು ರೇಣುಕಾ. ತಂಗಿಯನ್ನು ಅಷ್ಟು ಹಚ್ಚಿಕೊಂಡಿದ್ದೇನೆ, ಅದಕ್ಕೇ ಅವಳ ಹೊಟ್ಟೆಯಲ್ಲಿ ಆದದ್ದು ನನಗೂ ಆದ ಹಾಗೆ ಅನಿಸುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಯಾರಿಗೂ ಬಾಯಿಬಿಡಲಿಲ್ಲ. ಮಕ್ಕಳಿಲ್ಲದ ಹೆಂಗಸಿಗೆ ತಲೆ ಕೆಟ್ಟಿತು ಎನ್ನಲು ಮಂದಿಗೆ ಎಷ್ಟು ಹೊತ್ತು ಬೇಕು?

ಆದರೆ ನಿಜ ಹೇಳಬೇಕೆಂದರೆ ನನಗೆ ಅದು ಬೇಕಾಗಿತ್ತು. ರಶ್ಶಿನಲ್ಲಿ ಯಾರ ಮೊಣಕೈಯೂ ತಾಗದಂತೆ ಚರ್ಮದ ಚೀಲವನ್ನು ಹೊಟ್ಟೆಯ ಮುಂದೆ ಹಿಡಿದುಕೊಳ್ಳತೊಡಗಿದೆ. ಫುಟ್‌ಬೋರ್ಡಿನಿಂದ ಹಾರಿ ಇಳಿಯುವುದನ್ನು ಬಿಟ್ಟೆ. ನಮ್ಮ ಡ್ರೈವರ್ ಹೊನ್ನೂರಪ್ಪ ವಯಸ್ಸಾದ ಮನುಷ್ಯ. ಏನು ತಂಗಿ, ಇತ್ತೀಚೆಗೆ ಭಾಳ ಹುಷಾರಾಗಿ ಇಳೀತಿ ಎಂದು ಒಮ್ಮೆ ಕೇಳಿದರು. ಮೊಣಕಾಲು ನೋವು ಎಂದೆ. ಬುಕ್ಕಸಾಗರದ ಬಾಳೆತೋಟಗಳ ನಡುವೆ ಬಸ್ಸು ಸ್ವಲ್ಪ ಖಾಲಿಯಾದಾಗ ಕಿಟಕಿ ಪಕ್ಕ ಕೂತು, ತುಟಿ ಅಲ್ಲಾಡಿಸದೆ ಅದರ ಜೊತೆ ಮಾತಾಡುತ್ತಿದ್ದೆ.

ಆ ದಿನ ಬೆಳಗ್ಗೆ ಒಂದು ಸಲ ಜೋರಾಗಿ ಹೊರಳಿತು. ಆಮೇಲೆ ಏನೂ ಇಲ್ಲ. ಕಂಪ್ಲಿ ತಲುಪಿದೆವು, ಊಟದ ಡಬ್ಬಿ ಬಿಚ್ಚಿದೆ, ಇಲ್ಲ. ವಾಪಸು ಹೊರಟು ರಾಮಸಾಗರ ದಾಟಿದರೂ ಇಲ್ಲ. ಗಂಟೆಗಟ್ಟಲೆ ಓಡಿದ ಬಸ್ಸಿನ ಎಂಜಿನ್ ಬಂದ್ ಮಾಡಿದಾಗ ಕಿವಿ ಗುಂಯ್ ಎನ್ನುತ್ತದಲ್ಲ, ನನ್ನ ಹೊಟ್ಟೆಯಲ್ಲಿ ಅಂಥದೊಂದು ಮೌನವಿತ್ತು. ನನಗೇನೂ ನೋವಿರಲಿಲ್ಲ. ಆದರೂ ರೇಣುಕಾಳಿಗೆ ಫೋನ್ ಮಾಡಿದೆ. ಊಟ ಮಾಡಿ ಮಲಗಿದ್ದೇನೆ, ಪಕ್ಕದ ಮನೆಯ ಹುಲಿಗೆವ್ವ ಬಂದು ಕೂತಿದ್ದಾಳೆ ಎಂದಳು.

"ಇವತ್ತು ಒದೀತೇನು?"

"ಹೂಂ, ಆಗಳೇ ಒದೀತಲ್ಲ."

"ಇಲ್ಲ ರೇಣುಕಾ. ಒದ್ದಿಲ್ಲ."

ಅವಳು ದನಿ ಇಳಿಸಿ, "ನಿನಗ್ಯಾರು ಹೇಳಿದ್ರಕ್ಕಾ?" ಎಂದಳು.

ಹುಲಿಗೆವ್ವನ ಕೈಗೆ ಫೋನ್ ಕೊಡಿಸಿ, ಈಗಿಂದೀಗಲೇ ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಒಳ್ಳೆಯ ಮುದುಕಿ ಅವಳು, ಏಳೆಂಟು ಹೆತ್ತವಳು. ದಿನ ತುಂಬಿದ ಮೇಲೆ ಕೂಸು ಸುಮ್ಮನಾಗುತ್ತದೆ, ಒಳಗೆ ಅದಕ್ಕೆ ಜಾಗ ಎಲ್ಲಿರುತ್ತದೆ, ಮಲಗಿದ ಬಸುರಿಯನ್ನು ಎಬ್ಬಿಸಿ ಓಡಾಡಿಸಬಾರದು ಎಂದು ತನಗೆ ತಿಳಿದದ್ದನ್ನು ಹೇಳತೊಡಗಿದಳು. ನಮ್ಮ ಕಡೆ ಎಲ್ಲರೂ ಹಾಗೇ ಹೇಳುತ್ತಾರೆ. ಬೇರೆ ದಿನವಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಅಂದು ಬಸ್ಸಿನ ನಡುವೆ ನಿಂತು, ಈಗ ಕರಕೊಂಡು ಹೋಗದಿದ್ದರೆ ಜೀವಮಾನದಲ್ಲಿ ನಿನ್ನ ಮುಖ ನೋಡುವುದಿಲ್ಲ ಎಂದು ಕೂಗಿದೆ. ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ಹೊನ್ನೂರಪ್ಪ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. ಕಮಲಾಪುರದಲ್ಲಿ ಮಂದಿ ತಾವಾಗಿಯೇ ಲಗುಲಗು ಇಳಿದು ಹತ್ತಿದರು.

ಹೊಸಪೇಟೆ ಸ್ಟ್ಯಾಂಡಿನಲ್ಲಿ ಚೀಲ, ಟಿಕೆಟ್ ಮಿಷನ್ನು ಎಲ್ಲ ಹೊನ್ನೂರಪ್ಪನವರ ಕೈಗೆ ಹಾಕಿ ಓಡಿದೆ. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೇಣುಕಾಳನ್ನು ಒಳಗೆ ಕರೆದುಕೊಂಡಿದ್ದರು. ಕೂಸಿನ ಎದೆಬಡಿತ ಬಹಳ ಇಳಿದಿದೆ, ಆಪರೇಷನ್ ಮಾಡುತ್ತಿದ್ದೇವೆ, ಸಹಿ ಹಾಕಿ ಎಂದು ನರ್ಸ್ ಹೇಳಿದಳು. ರೇಣುಕಾಳ ಗಂಡ ಸಂಡೂರಿನಿಂದ ಹೊರಟಿದ್ದನಷ್ಟೆ. ನಾನೇ ಸಹಿ ಹಾಕಿದೆ. ಹೊರಗಿನ ಬೆಂಚಿನ ಮೇಲೆ ಕೂತಷ್ಟು ಹೊತ್ತೂ ನಾನು ದೇವರನ್ನು ನೆನೆಯಲಿಲ್ಲ. ಎರಡೂ ಕೈಯಲ್ಲಿ ನನ್ನ ಹೊಟ್ಟೆಯನ್ನು ಹಿಡಿದುಕೊಂಡು, ಒಂದು ಸಲ ಒದಿ, ಒಂದೇ ಸಲ ಒದಿ ಎಂದು ಬೇಡುತ್ತಿದ್ದೆ. ಹುಲಿಗೆವ್ವ ಪಕ್ಕದಲ್ಲಿ ಕೂತು ಅಳುತ್ತಿದ್ದಳು.

ಹೆಣ್ಣು ಕೂಸು. ಮೊದಲು ಅಳಲಿಲ್ಲವಂತೆ, ಆಮೇಲೆ ಅತ್ತದ್ದು ಹೊರಗಿನ ನಮಗೂ ಕೇಳಿತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು, ಸರಿಯಾದ ಹೊತ್ತಿಗೆ ಬಂದಿರಿ ಎಂದ ಡಾಕ್ಟರಮ್ಮ, ಹೇಗೆ ಗೊತ್ತಾಯಿತು ಎಂದೂ ಕೇಳಿದರು. ಕೂಸು ಮಿಸುಕುತ್ತಿಲ್ಲ ಎಂದು ತಂಗಿಯೇ ಹೇಳಿದಳು ಎಂದೆ. ಬೇರೇನು ಹೇಳುವುದು? ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮೊದಲು ನನ್ನ ಕೈಗೇ ಕೊಟ್ಟರು. ಕಾಲು ಚಾಚಿ ನನ್ನ ಅಂಗೈಯನ್ನು ಒಮ್ಮೆ ಒತ್ತಿತು. ಆ ಒತ್ತು ನನಗೆ ಪರಿಚಯವಿತ್ತು. ಅಂದಿನಿಂದ ಇಂದಿನವರೆಗೆ ನನ್ನ ಹೊಟ್ಟೆಯಲ್ಲಿ ಏನೂ ಮಿಸುಕಿಲ್ಲ.

ಆ ಹುಡುಗಿ ಈಗ ಅಂಗನವಾಡಿಗೆ ಹೋಗುತ್ತಾಳೆ. ಇಷ್ಟು ವರ್ಷ ಸುಮ್ಮನಿದ್ದು ಈಗ ಬರೆಯಲು ಕಾರಣವಿದೆ. ರೇಣುಕಾ ಮತ್ತೆ ದಿನ ತುಂಬಿದ ಬಸುರಿ, ಮತ್ತೆ ನಮ್ಮ ಮನೆಯಲ್ಲಿದ್ದಾಳೆ. ಮೊನ್ನೆ ಸಂಜೆ ಕಟ್ಟೆಯ ಮೇಲೆ ಕೂತಾಗ, ಇದು ಒದ್ದೂ ಒದ್ದೂ ನಿದ್ದೆ ಮಾಡಲು ಬಿಡುವುದಿಲ್ಲ ಎಂದಳು. ನಿನ್ನ ಮಗಳೇನು ಕಮ್ಮಿ ಒದೆಯುತ್ತಿದ್ದಳೇ ಎಂದೆ. ಅವಳು ಸೆರಗಿನ ತುದಿ ತಿರುವತೊಡಗಿದಳು.

"ಸಂಡೂರಾಗ ಇದ್ದಾಗ ಒದೀತಿತ್ತಕ್ಕಾ," ಎಂದಳು ಆಮೇಲೆ. "ಇಲ್ಲಿಗೆ ಬಂದ ಮ್ಯಾಲೆ ಆಕಿ ಒದ್ದಿದ್ದೇ ನನಗ ಗೊತ್ತಾಗಲಿಲ್ಲ. ಎಲ್ಲೋ ಒಮ್ಮೆ, ಅಷ್ಟ. ದಿನ ತುಂಬ್ಯಾವ, ಹಂಗ ಆಕ್ಕತಿ ಅಂತ ಹುಲಿಗೆವ್ವ ಅಂದ್ಲು. ನೀ ನೋಡಿದ್ರ ಬಾಗಿಲಾಗ ನಿಂತು ಅಷ್ಟ್ ಆಸೆ ಮಾಡಿ ಕೇಳ್ತಿದ್ದಿ. ಇಲ್ಲ ಅಂತ ಹೆಂಗ ಹೇಳ್ಲಿ? ಒದೀತು ಅಂತ ದಿನಾ ಸುಳ್ಳು ಹೇಳ್ತಿದ್ದೆ."

ಇಷ್ಟು ವರ್ಷ, ಅವಳಿಗಾದದ್ದು ನನಗೂ ಆಯಿತು ಎಂದು ತಿಳಿದಿದ್ದೆ. ಅವಳಿಗೆ ಆಗಿರಲೇ ಇಲ್ಲ ಎಂದರೆ ನನಗಾದದ್ದು ಏನು? ಹೊಕ್ಕುಳಬಳ್ಳಿಯ ಬುಡದ ಮಾಸು ಗರ್ಭದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ತಾಯಿಗೆ ಒದೆತ ಅಷ್ಟಾಗಿ ತಿಳಿಯುವುದಿಲ್ಲವಂತೆ, ಆಮೇಲೆ ಆಸ್ಪತ್ರೆಯಲ್ಲಿ ವಿಚಾರಿಸಿದೆ. ಸಂಡೂರಿನಲ್ಲಿ ತಿಳಿಯುತ್ತಿತ್ತಲ್ಲ ಎಂಬುದನ್ನು ಬಿಟ್ಟರೆ ಅದು ಅವಳ ಲೆಕ್ಕಕ್ಕೆ ಹೇಗೋ ಸರಿಹೋದೀತು, ನನ್ನ ಲೆಕ್ಕಕ್ಕೆ ಹೋಗುವುದಿಲ್ಲ. ನಿನ್ನ ಮಗಳು ಕೊನೆಯ ವಾರಗಳನ್ನು ನನ್ನೊಳಗೆ ಕಳೆದಳು ಎಂದು ಹೆತ್ತ ತಾಯಿಗೆ ಹೇಗೆ ಹೇಳುವುದು? ಆ ಸಂಜೆ ಅವಳು ನನ್ನ ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಈ ಸಲ ನಾನು ಕೈ ತೆಗೆಯಲಿಲ್ಲ. ಒಳಗಿನ ಕೂಸು ಚೆನ್ನಾಗಿಯೇ ಒದೆಯಿತು. ಅದು ಅವಳೊಳಗೇ ಇತ್ತು, ಹಾಗೆಯೇ ಇರಬೇಕಾದದ್ದು. ಆದರೂ ಕಣ್ಣು ತುಂಬಿ ಬಂತು.

ಮರುದಿನ ಬೆಳಗ್ಗೆ ನಮ್ಮ ಮನೆಯವರು ಶಿಫ್ಟ್ ಮುಗಿಸಿ ಬಂದು ಅಡುಗೆಮನೆಯಲ್ಲಿ ಚಹಾಕ್ಕೆ ಕೂತಿದ್ದರು. ನಾನು ಡ್ಯೂಟಿಗೆ ಹೊರಟವಳು, ಯೂನಿಫಾರ್ಮ್ ಹಾಕಿಕೊಂಡು ನಿಂತೇ ಎಲ್ಲವನ್ನೂ ಹೇಳಿದೆ, ಆ ಕಡ್ಡಿಯ ಒಂದೇ ಗೆರೆಯನ್ನೂ ಬಿಡದೆ. ಅವರು ನಗಬಹುದು, ಇಲ್ಲವೇ ಡಾಕ್ಟರ ಹತ್ತಿರ ಹೋಗೋಣ ಎನ್ನಬಹುದು ಎಂದು ಎರಡಕ್ಕೂ ಉತ್ತರ ತಯಾರಿಟ್ಟುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟರು.

"ಹೆಂಗಿತ್ತದು?" ಎಂದರು.

ಹತ್ತಿರ ಹೋಗಿ ಅವರ ಕೈ ತೆಗೆದುಕೊಂಡು, ಬಲಗಡೆ ಪಕ್ಕೆಲುಬಿನ ಕೆಳಗೆ ಇಟ್ಟು, ಇಲ್ಲಿ ಎಂದೆ. ಅಲ್ಲಿ ಏನೂ ಇರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಬಸ್ಸಿಗೆ ಹೊತ್ತಾಗುತ್ತಿದ್ದರೂ ನಾನು ಸರಿಯಲಿಲ್ಲ, ಅವರೂ ಕೈ ತೆಗೆಯಲಿಲ್ಲ.